ಸುಟ್ಟುಹೋದ ಆಲ್ಟರ್ನೇಟರ್ ಅವರ ಸನ್ನಿಧಿಗೆ

ಕಲ್ಯಾಣದುರ್ಗ
18 ನವೆಂಬರ್ 2004

ಮಾನ್ಯರೇ,

ಹಿಂದೂಪುರದ ಗುಜರಿ ಅಂಗಡಿಯಲ್ಲಿ ಪುನರ್ಜನ್ಮ ಪಡೆದು, ಕಲ್ಯಾಣದುರ್ಗದಲ್ಲಿ ಎರಡು ತಿಂಗಳು ಬೆಳಕು ಕೊಟ್ಟು, ಆಯುಧಪೂಜೆಯ ದಿನ ಊದುಬತ್ತಿಗಿಂತ ಮುಂಚೆ ಉರಿದು ಕೈಲಾಸ ಸೇರಿದ ಆಲ್ಟರ್ನೇಟರ್ ಮಹಾಶಯರಾದ ತಮಗೆ, ಬಸ್ ಸ್ಟ್ಯಾಂಡ್ ಹಿಂದಿನ ಆಟೋ ಎಲೆಕ್ಟ್ರಿಷಿಯನ್ ಓಬುಳೇಶ್ ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮವಾಗಿಲ್ಲ. ತಮ್ಮ ಕ್ಷೇಮವನ್ನಂತೂ ಕೇಳುವ ಹಾಗೇ ಇಲ್ಲ. ತಮ್ಮ ಡಯೋಡುಗಳೆಲ್ಲ ಕರಕಲಾಗಿ ನನ್ನ ಮೇಜಿನ ಮೇಲೆಯೇ ಬಿದ್ದಿವೆ.

ನ್ಯಾಯವಾಗಿ ಈ ದೂರನ್ನು ತಮ್ಮ ಯಜಮಾನರಾದ ಕಡಲೆಕಾಯಿ ಮಂಡಿಯ ಸೋಮಶೇಖರಪ್ಪನವರಿಗೆ ಬರೆಯಬೇಕಿತ್ತು. ಆದರೆ ಅವರು ದೊಡ್ಡವರು. ನನ್ನಂಥವನು ಅವರ ಮೇಲೆ ಬಾಯಿ ಬಿಟ್ಟರೆ, ಹೇಳಿದ್ದು ನಿಜವೋ ಸುಳ್ಳೋ ಎಂದು ಯಾರೂ ಕೇಳುವುದಿಲ್ಲ, ಇವನಿಗೆಷ್ಟು ಕೊಬ್ಬು ಎಂದು ಕೇಳುತ್ತಾರೆ. ಆದ್ದರಿಂದ ತೀರಿಕೊಂಡವರ ಮೇಲೆ ದೂರುವುದೇ ಕ್ಷೇಮವೆಂದು ಬಗೆದು, ತಮ್ಮ ಹೆಸರಿಗೆ ಬರೆದು, ಅಂಗಡಿಯ ಷಟರ್‌ಗೆ ಅಂಟಿಸುತ್ತಿದ್ದೇನೆ. ತೆಲುಗು ಪ್ರತಿಯೂ ಪಕ್ಕದಲ್ಲೇ ಇದೆ, ಓದುವವರಲ್ಲಿ ಭೇದ ಮಾಡಬಾರದು ನೋಡಿ.

ತಮಗಿಂತ ಮುಂಚೆ ಆ ಜಾಗದಲ್ಲಿದ್ದವರು ಡೈನಮೋ. ಸೋಮಶೇಖರಪ್ಪ ಸಾವ್ಕಾರರ 1956ನೇ ಇಸವಿಯ ಲ್ಯಾಂಡ್‌ಮಾಸ್ಟರ್ ಕಾರು ಮದುವೆ ಮೆರವಣಿಗೆಗೆ ಹೆಸರಾದದ್ದು, ಡೈನಮೋ ಅವರಿಗೋ ಮೆರವಣಿಗೆಯೇ ಆಗದು. ಕಾರು ಜೋರಾಗಿ ಓಡಿದರೆ ಮಾತ್ರ ಅವರು ಕರೆಂಟ್ ಕೊಡುವುದು. ವಾಲಗದವರ ಹಿಂದೆ ತೆವಳುವಾಗ ಹೆಡ್‌ಲೈಟು, ಸೀರಿಯಲ್ ಸೆಟ್ಟು, ಹಾರ್ನು ಎಲ್ಲಕ್ಕೂ ಪಾಪ ಬ್ಯಾಟರಿಯೊಂದೇ ಗತಿ. ಸಾವ್ಕಾರರ ದೊಡ್ಡ ಮಗಳ ಮೆರವಣಿಗೆಯಲ್ಲಿ ಬ್ಯಾಟರಿ ನಡುಬೀದಿಯಲ್ಲೇ ಕೈಚೆಲ್ಲಿ, ಮದುಮಕ್ಕಳು ಬಾಸಿಂಗ ಕಟ್ಟಿಕೊಂಡೇ ಕುಂದುರ್ಪಿಗೆ ಓಡುವ ಬಾಡಿಗೆ ಜೀಪು ಹತ್ತಿ ಛತ್ರ ಸೇರಿದರು. ಮರುದಿನ ಸಾವ್ಕಾರರು ತಾವಾಗಿಯೇ ನನ್ನ ಅಂಗಡಿಗೆ ಬಂದು, "ಮಾನ ಹೋಯ್ತು ಕಣಪ್ಪ ಓಬುಳೇಶು, ಚಿಕ್ಕೋಳ್ ಮದ್ವೇಲಿ ಹಿಂಗಾಗ್ಬಾರ್ದು, ಏನಾರ ಮಾಡು" ಎಂದು ಕೇಳಿಕೊಂಡರು.

ಮಾಡಿದೆ. ನಾನು ಕೆಲಸ ಕಲಿತ ಹಿಂದೂಪುರಕ್ಕೇ ಹೋಗಿ, ಒಡೆದು ಹಾಕಿದ್ದ ವ್ಯಾನೊಂದರಿಂದ, ಕಾರು ತೆವಳಿದರೂ ಕರೆಂಟ್ ಕೊಡುವ ತಮ್ಮನ್ನು ಆರಿಸಿ, ಬೇರಿಂಗ್ ತಿರುಗಿಸಿ ಕಿವಿಗಿಟ್ಟು ಕೇಳಿ, ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಕರೆತಂದೆ. ತಮ್ಮದು ಒಂದೇ ಷರತ್ತು. ಹಳೆಯ ಕಾರಿನಲ್ಲಿ ಬ್ಯಾಟರಿಯ ಪ್ಲಸ್ ವೈರು ಕಾರಿನ ಬಾಡಿಗೆ, ಅಂದರೆ ತಗಡಿನ ಮೈಗೆ, ಕೂರುತ್ತಿತ್ತು. ತಮಗೆ ಮೈನಸ್ಸೇ ಬಾಡಿಗೆ ಕೂರಬೇಕು, ಉಲ್ಟಾ ಆದರೆ ಆ ಕ್ಷಣವೇ ಸುಟ್ಟುಹೋಗುತ್ತೀರಿ. ತಮ್ಮ ಮರ್ಜಿಯಂತೆ ವೈರುಗಳನ್ನೆಲ್ಲ ಅದಲುಬದಲು ಮಾಡಿ, ಬ್ಯಾಟರಿಯ ಪ್ಲಸ್ ಕಂಬಕ್ಕೆ ಗುರುತಿಗೆಂದು ಕೆಂಪು ಬಣ್ಣ ಹಚ್ಚಿ, ಸಾವ್ಕಾರರಿಗೆ ಮೂರು ಸಲ ಹೇಳಿದೆ. ಅವರು ಮೂರು ಸಲವೂ "ಗೊತ್ತು ಬಿಡಪ್ಪ" ಎಂದರು. ಆಮೇಲೆ ಅವರ ಅಣ್ಣನ ಮಗನ ಮೆರವಣಿಗೆಯಲ್ಲಿ ತಾವು ಎರಡು ಗಂಟೆ ತೆವಳುತ್ತಲೇ ಬೆಳಗಿದಿರಿ, ಸಾವ್ಕಾರರು ನನ್ನ ಬೆನ್ನು ತಟ್ಟಿದರು.

ಅಷ್ಟರಲ್ಲಿ ಆಯುಧಪೂಜೆ ಬಂತು. ಆ ಮನೆಯಲ್ಲಿ ಬ್ಯಾಟರಿಯನ್ನೂ ಇಳಿಸಿ, ತೊಳೆದು, ಅರಿಶಿನ ಕುಂಕುಮವಿಟ್ಟು ಮತ್ತೆ ಕೂರಿಸುವುದು ಪದ್ಧತಿ. ಹಿಂದಿನ ದಿನ ಇಳಿಸಿಕೊಟ್ಟವನು ನಾನೇ. ಬೆಳಿಗ್ಗೆ ತಲೆಗೆ ಸ್ನಾನ ಮಾಡಿ, ಹೊಸ ಅಂಗಿ ತೊಟ್ಟು ಕೂರಿಸಲು ಹೋದರೆ, ಸಾವ್ಕಾರರು ಗೇಟಿನಲ್ಲೇ ತಡೆದು, "ಪೂಜೆಗೆ ಇಕ್ಕಿರೋ ಗಾಡಿ ಕಣಪ್ಪ, ಮಂಗಳಾರತಿ ಆಗೋಗಂಟ ನೀನು ಮುಟ್ಬೇಡ, ಅಲ್ಲೇ ನಿಂತ್ಕೋ, ನಾನೇ ಹಾಕ್ತೀನಿ" ಎಂದರು. ಸಾವ್ಕಾರರ ಹೆಂಡತಿ ಭ್ರಮರಾಂಬಮ್ಮನವರು ಭಕ್ತಿಯಿಂದ ಬ್ಯಾಟರಿಯ ಎರಡು ಕಂಬಗಳಿಗೂ ಕುಂಕುಮ ಮೆತ್ತಿದ್ದರು. ನನ್ನ ಒಂದು ಕೆಂಪು ಎರಡಾಗಿತ್ತು. "ಮೈನಸ್ಸು ಬಾಡಿಗೆ ಸಾವ್ಕಾರ್ರೇ, ಮೈನಸ್ಸು!" ಎಂದು ಗೇಟಿನಾಚೆಯಿಂದ ಕೂಗಿದೆ. "ನೀನು ಹುಟ್ಟೋಕ್ ಮುಂಚಿಂದ ಹಾಕ್ತಿವ್ನಿ, ಸುಮ್ಕಿರಲೇ" ಎಂದವರು, ನಲವತ್ತು ವರ್ಷದ ಕೈರೂಢಿಯಂತೆ ಪ್ಲಸ್ಸನ್ನೇ ಬಾಡಿಗೆ ಹಾಕಿ, ಮೈನಸ್ಸಿಗೆಂದಿದ್ದ ಸಣ್ಣ ಕ್ಲಾಂಪು ಪ್ಲಸ್ಸಿನ ದಪ್ಪ ಕಂಬಕ್ಕೆ ಕೂರಲೊಲ್ಲೆ ಎಂದಾಗ, ಆಗತಾನೇ ಪೂಜೆಗಿಟ್ಟಿದ್ದ ಸುತ್ತಿಗೆಯಿಂದಲೇ ಬಡಿದು ಕೂರಿಸಿದರು. ಬಾನೆಟ್ಟಿನಿಂದ ಹೊಗೆ ಎದ್ದಿತು. ಸಾಂಬ್ರಾಣಿ ಇರಬೇಕೆಂದು ಎಲ್ಲರೂ ಕೈ ಮುಗಿದರು. ಪೂಜೆಗೆ ಬಂದಿದ್ದ ಅಯ್ಯನವರು ಗಂಟೆಯನ್ನು ಇನ್ನಷ್ಟು ಜೋರಾಗಿ ಬಾರಿಸಿದರು. ಅಷ್ಟೊಂದು ಜನರ ಭಕ್ತಿಯ ನಡುವೆ ತಮ್ಮ ತಂತಿಗಳ ಸುಟ್ಟ ವಾರ್ನಿಷ್ ವಾಸನೆ ಬಡಿದದ್ದು ನನ್ನೊಬ್ಬನ ಮೂಗಿಗೆ.

ಈಗ ತಮ್ಮ ಮೇಲಿನ ದೂರಿಗೆ ಬರುತ್ತೇನೆ. ಮಾನ್ಯರೇ, ತಮಗೆ ವಿದ್ಯೆ ಇದೆ, ಲೋಕಜ್ಞಾನ ಮಾತ್ರ ಇಲ್ಲ. ಹಳೆಯ ಡೈನಮೋ ಅವರನ್ನು ನೋಡಿ ಕಲಿಯಬಾರದಿತ್ತೇ? ಬ್ಯಾಟರಿ ಉಲ್ಟಾ ಹಾಕಿದರೂ ಒಂದು ಕಿಡಿ ಮುಟ್ಟಿಸಿದರೆ ಸಾಕು, ದೊಡ್ಡವರು ಹೇಳಿದ್ದೇ ಸರಿ ಎಂದು ಆ ಕಡೆಗೇ ತಿರುಗಿಕೊಳ್ಳುತ್ತಿದ್ದ ಮಹಾನುಭಾವರು ಅವರು. ಮುಟ್ಟಿದ ಕೈ ಯಾರದೆಂದು ನೋಡಿ, ಮಂಡಿ ಯಜಮಾನರಾದರೆ ಉಲ್ಟಾವನ್ನೂ ಸೀದಾ ಎಂದು ಒಪ್ಪಿಕೊಳ್ಳುವಷ್ಟು ವಿನಯ ತಮಗಿದ್ದಿದ್ದರೆ ಇಂದು ನಾವಿಬ್ಬರೂ ಚೆನ್ನಾಗಿರುತ್ತಿದ್ದೆವು. ತಾವೋ, ಓಬುಳೇಶ ಹಾಕಿದರೂ ಒಂದೇ, ಸೋಮಶೇಖರಪ್ಪನವರು ಹಾಕಿದರೂ ಒಂದೇ ಎಂದಿರಿ. ಈ ಊರಿನಲ್ಲಿ ಹಾಗೆ ಅಂದವರು ಯಾರು ಬದುಕಿದ್ದಾರೆ ಹೇಳಿ.

ಹೋಗಲಿ, ಸುಡುವಾಗಲಾದರೂ ಸುಟ್ಟವರ ಹೆಸರನ್ನು ಗಟ್ಟಿಯಾಗಿ ಹೇಳಿ ಸಾಯಬಾರದಿತ್ತೇ? ತಾವು ಸುಮ್ಮನೆ ಸತ್ತಿರಿ, ಸಾವ್ಕಾರರು ಮಂಡಿಯಲ್ಲಿ ಕುಳಿತು "ಓಬುಳೇಶು ಗಾಡಿ ಸುಟ್ಟಾಕ್ಬುಟ್ಟ ಕಣಪ್ಪ" ಎಂದು ಬಂದವರಿಗೆಲ್ಲ ಹೇಳಿದರು. ಕಂಬದೂರು ಜೀಪು ಓಡಿಸುವ ರಾಮಾಂಜಿ, ಎಂಟು ವರ್ಷದ ಗಿರಾಕಿ, ಮೊನ್ನೆ ನನ್ನ ಅಂಗಡಿ ದಾಟಿ ಮುಂದಿನ ಅಂಗಡಿಗೆ ಹೋದ. ಏಕಪ್ಪಾ ಎಂದು ಕೇಳಿದರೆ "ನೀ ಚೆಯ್ಯಿ ಪಡ್ತೇ ಕಾಲಿಪೋತುಂದಂಟ ಕದನ್ನಾ" ಎಂದ, ನನ್ನ ಕೈ ಬಿದ್ದರೆ ಸುಟ್ಟುಹೋಗುತ್ತದಂತೆ. ಹದಿನೆಂಟು ವರ್ಷ ಈ ಎರಡು ಕೈಗಳಿಂದ ಸಂಪಾದಿಸಿದ್ದು ಹೆಸರೊಂದೇ. ಅದು ಒಂದು ತಿಂಗಳಲ್ಲಿ ಹೋಯಿತು. ಹೊಟ್ಟೆ ಉರಿಯುತ್ತದೆ, ಸುಳ್ಳೇಕೆ ಹೇಳಲಿ. "ಹೋಗಿ ನಾನಲ್ಲ ಅಂತ ಹೇಳ್ಬಾರ್ದಾ?" ಎಂದು ನನ್ನ ಹೆಂಡತಿ ನಾಗರತ್ನ ದಿನಾ ಕೇಳುತ್ತಾಳೆ. ಯಾರ ಮುಂದೆ ಹೇಳಲಿ?

ನಿನ್ನೆ ಮಂಡಿಯ ಆಳು ಚೌಡಣ್ಣ ತಮ್ಮನ್ನು ಗೋಣಿಚೀಲದಲ್ಲಿ ಹೊತ್ತು ಬಂದಿದ್ದ. ಬರುವ ಭಾನುವಾರ ಸಾವ್ಕಾರರ ಚಿಕ್ಕ ಮಗಳು ಸ್ಪಂದನಳ ಮೆರವಣಿಗೆಯಂತೆ. ನಾನು ಹಿತ್ತಲ ಬಾಗಿಲಿನಿಂದ ಸದ್ದಿಲ್ಲದೆ ಬಂದು, ತಮ್ಮನ್ನು ಸರಿಮಾಡಿ ಕೂರಿಸಿ, ಸದ್ದಿಲ್ಲದೆ ಹೋಗಬೇಕಂತೆ. ತಮಗೆ ಜೀವ ಬರಿಸುವುದು ನನಗೆ ಅರ್ಧ ದಿನದ ಕೆಲಸ, ಆ ಹುಡುಗಿಯ ಮೇಲೆ ನನಗೆ ಕೋಪವೂ ಇಲ್ಲ. ಆದರೆ ಹಿತ್ತಲಿನಿಂದ ಬರುವುದಿಲ್ಲ ಎಂದು ಹೇಳಿ ಕಳಿಸಿದ್ದೇನೆ. ಹಾಡುಹಗಲು ಕಾರನ್ನು ಅಂಗಡಿಯ ಮುಂದೆ ತಂದು ನಿಲ್ಲಿಸಿ, ರಾಮಾಂಜಿಯೂ ಇದ್ದಾಗ "ಉಲ್ಟಾ ಹಾಕಿದ್ದು ನಾನು" ಎಂಬ ಮೂರು ಮಾತು ಆಡಲಿ, ಮಧ್ಯಾಹ್ನದೊಳಗೆ ಹೆಡ್‌ಲೈಟ್ ಉರಿಯುತ್ತದೆ. ಅವರಿಗೆ ನಾಲಿಗೆ ಏಳದಿದ್ದರೆ ತಾವೇ ಎದ್ದು ಬಂದು ಸಾಕ್ಷಿ ಹೇಳಬೇಕಾಗಿ ವಿನಂತಿ.

ಸತ್ತ ಮೇಲೂ ತಮ್ಮ ವಿಶ್ವಾಸಿಯೇ ಆಗಿರುವ,
ಓಬುಳೇಶ್

ತಾ.ಕ.: ಒಂದು ವಿಷಯ ಬರೆಯುವುದನ್ನೇ ಬಿಟ್ಟಿದ್ದೆ. ತಾವು ಸುಟ್ಟ ಮೇಲೆ ಕಾರನ್ನು ಅಂಗಳದಿಂದ ಷೆಡ್ಡಿಗೆ ಸಾಗಿಸಬೇಕಾಯಿತು. ಲ್ಯಾಂಡ್‌ಮಾಸ್ಟರ್ ಬಲು ಭಾರ, ಮನೆಯವರಿಂದ ಅಲುಗಲಿಲ್ಲ. ಆಗ ಗೇಟು ತೆರೆದು, "ಬಾರಪ್ಪ ಓಬುಳೇಶು, ನೀನೂ ಒಂದು ಕೈ ಹಾಕು" ಎಂದು ಕರೆದರು. ಕಾರಿಗೆ ಹಚ್ಚಿದ ಗಂಧ ಇನ್ನೂ ಹಸಿಯಾಗಿತ್ತು, ನನ್ನ ಅಂಗೈಗೆಲ್ಲ ಮೆತ್ತಿಕೊಂಡಿತು. ಮಂಗಳಾರತಿ ಆಗಿರಲಿಲ್ಲ.