ಅತ್ತೆಯವರನ್ನು ಬೆಚ್ಚಗಿಟ್ಟ ಒಲೆ

ಕೆಲವರ ಮನೆಗೆ ನೆಂಟರು ಬರುತ್ತಾರೆ, ಕೆಲವರ ಮನೆಗೆ ಬೀದಿಯ ಬೆಕ್ಕು ಬರುತ್ತದೆ. ನನ್ನ ಮನೆಗೆ ಬರುವುದು ಫಜೀತಿ. ಕರೆಯಲೇಬೇಕೆಂದಿಲ್ಲ. "ಇದರ ವಿಷಯ ನನಗೆ ಚೆನ್ನಾಗಿ ಗೊತ್ತು" ಎಂದು ನಾನು ಬಾಯಿ ಬಿಟ್ಟರೆ ಸಾಕು, ಚಪ್ಪಲಿ ಕಳಚಿ ಒಳಗೆ ಬಂದು ಕೂತುಬಿಡುತ್ತದೆ. ನೆದರ್‌ಲ್ಯಾಂಡ್ಸಿನ ರೈಸ್‌ವೈಕ್ ಊರಿನ ಈ ಸಾಲುಮನೆಗೆ ಬಂದು ಹದಿನಾರು ವರ್ಷವಾಯಿತು. ಇಷ್ಟು ವರ್ಷದಲ್ಲಿ ನನಗೆ ಗೊತ್ತಿಲ್ಲದ ವಿಷಯ ಒಂದೂ ಎದುರಾಗಿಲ್ಲ. ತೊಂದರೆಯೆಲ್ಲ ಅಲ್ಲೇ ಇರುವುದು.

ಈಚಿನದು ಒಲೆಯ ಕಥೆ. ಅಡುಗೆ ಒಲೆಯಲ್ಲ. ಹಾಲ್‌ನಲ್ಲಿಟ್ಟು, ಸೌದೆ ಉರಿಸಿ, ಮನೆ ಬೆಚ್ಚಗೆ ಮಾಡಿಕೊಳ್ಳುವ ಗಾಜಿನ ಬಾಗಿಲಿನ ಕಬ್ಬಿಣದ ಒಲೆ.

ಅತ್ತೆಯ ತೀರ್ಪು

ಹೋದ ಚಳಿಗಾಲದಲ್ಲಿ ನಮ್ಮ ಅತ್ತೆ ಮೈಸೂರಿನಿಂದ ಬಂದು ಮೂರು ವಾರ ನಮ್ಮಲ್ಲಿದ್ದರು. ಹೊರಡುವ ದಿನ ಮಂಕಿ ಕ್ಯಾಪ್ ಒಳಗಿನಿಂದಲೇ ಹೇಳಿದರು: "ಅಳಿಯಂದಿರೇ, ನಿಮ್ಮ ಮನೆ ಚೆನ್ನಾಗಿದೆ. ಫ್ರಿಜ್ಜೂ ಚೆನ್ನಾಗಿದೆ. ಯಾವುದರ ಬಾಗಿಲು ತೆಗೆದು ಯಾವುದರೊಳಗೆ ಹೋದೆ ಅಂತ ಮಾತ್ರ ನನಗೆ ಗೊತ್ತಾಗಲಿಲ್ಲ."

ಇದನ್ನು ನಾನು ನುಂಗಿಕೊಳ್ಳುತ್ತಿದ್ದೆ. ಆದರೆ ಐಂಡ್‌ಹೋವನ್‌ನಲ್ಲಿ ನನ್ನ ಷಡ್ಡಕ ಇದ್ದಾನಲ್ಲ, ಹೆಂಡತಿಯ ತಂಗಿಯ ಗಂಡ, ಚಿಪ್ ಇಂಜಿನಿಯರು, ಅವನ ಮನೆಯಲ್ಲಿ ನೆಲದೊಳಗೇ ಬಿಸಿನೀರಿನ ಪೈಪು. ಅಲ್ಲಿ ನಾಲ್ಕು ದಿನ ಇದ್ದು ಬಂದ ಅತ್ತೆ, "ಅವರ ಮನೆಯಲ್ಲಿ ನೆಲ ಅಂದ್ರೆ ಕಾದ ದೋಸೆ ಕಾವಲಿ ಕಣ್ರೀ" ಎಂದು ಕಣ್ಣು ಮುಚ್ಚಿಕೊಂಡು ನೆನೆಸಿಕೊಂಡರು. ಆಮೇಲೆ ಫೋನಿನಲ್ಲಿ ಷರತ್ತು ಹಾಕಿದರು: "ಈ ಸಲ ಮೊದಲು ನಿಮ್ಮಲ್ಲಿ ಒಂದು ವಾರ ಇದ್ದು ನೋಡ್ತೀನಿ. ಬೆಚ್ಚಗಿದ್ದರೆ ಚಳಿಗಾಲ ಪೂರ್ತಿ ಅಲ್ಲೇ. ಇಲ್ಲದಿದ್ದರೆ ಐಂಡ್‌ಹೋವನ್."

ನನ್ನ ಮಾನದ ಪ್ರಶ್ನೆ. "ಸೌದೆ ಒಲೆ ಹಾಕಿಸ್ತೀನಿ" ಎಂದೆ.

"ರೀ, ನಿಮಗೆ ಒಲೆ ವಿಷಯ ಏನು ಗೊತ್ತು?" ಎಂದಳು ಹೆಂಡತಿ.

ಏನು ಗೊತ್ತು? ಹುಡುಗನಾಗಿದ್ದಾಗ ಮೈಸೂರಿನ ಮನೆಯಲ್ಲಿ ಬಚ್ಚಲ ಒಲೆ ಉರಿಸುತ್ತಿದ್ದವನು ನಾನೇ. ತೆಂಗಿನ ಸಿಪ್ಪೆ, ಹಳೇ ನೋಟ್‌ಬುಕ್ಕು, ಹಸಿ ಗರಿ, ಏನು ಕೊಟ್ಟರೂ ಹಂಡೆ ಕುದಿಸುತ್ತಿದ್ದೆ. ನಾನು ಕಾಯಿಸಿದ ನೀರಿನಲ್ಲಿ ಮಿಂದವರು ಇವತ್ತಿಗೂ ಬೆವರುತ್ತಿದ್ದಾರೆ ಎಂದೆ.

ಹೆಂಡತಿ ಹೇಳಿದಳು: "ಅದು ನೀರಿನ ಬಿಸಿ ಅಲ್ಲ, ಹೊಗೆ. ನಿಮ್ಮ ಅಮ್ಮ ಹೇಳಿದ್ದಾರೆ, ಸ್ನಾನಕ್ಕೆ ಹೋದವರೆಲ್ಲ ಅಳುತ್ತಾ ಆಚೆ ಬರ್ತಿದ್ದರಂತೆ."

ಅಳತೆ

ಒಲೆ ಅಂಗಡಿಗೆ ಹೋದೆವು. ಒಂದು ಗೋಡೌನ್ ತುಂಬ ಒಲೆಗಳು. ದುಂಡಗಿನವು, ಚೌಕದವು, ಗೋಡೆಗೆ ನೇತುಹಾಕುವಂಥವು. ಮಾರುವವನು ಆರಡಿ ನಾಲ್ಕಿಂಚಿನ ಯುವಕ. ನಾನು ನೇರವಾಗಿ ಎಲ್ಲಕ್ಕಿಂತ ದೊಡ್ಡದರ ಮುಂದೆ ನಿಂತು "ಇದು" ಎಂದೆ.

"ಇದು ಚರ್ಚಿಗೆ" ಎಂದ ಅವನು. ಆಮೇಲೆ ಕಾಗದ ಪೆನ್ನು ತೆಗೆದು ಕೇಳಿದ, "ನೀವು ಎಷ್ಟು ಜಾಗ ಬಿಸಿ ಮಾಡಬೇಕು?"

"ಜಾಗ ಅಲ್ಲ. ಒಬ್ಬರು ಅತ್ತೆ."

ಡಚ್ಚರ ಹತ್ತಿರ ತಮಾಷೆ ಮಾಡಿದರೆ ಮೊದಲು ಬರೆದುಕೊಳ್ಳುತ್ತಾರೆ, ಆಮೇಲೆ ಯೋಚಿಸುತ್ತಾರೆ. ಅವನು ಬರೆದುಕೊಂಡ.

"ಇನ್ಸುಲೇಷನ್ ಹೇಗಿದೆ?"

"ಎರಡು ಸ್ವೆಟರ್, ಒಂದು ಶಾಲು, ಉಲ್ಲನ್ ಕಾಲುಚೀಲ, ಮಂಕಿ ಕ್ಯಾಪ್."

ಮಗಳು, ಹದಿನೈದು ವರ್ಷದವಳು, "ಓ ಮೈ ಗಾಡ್, ಅಪ್ಪಾ" ಎಂದು ಮೂರು ಒಲೆ ಆಚೆ ಹೋಗಿ ನಿಂತಳು, ನಮಗೂ ಅವಳಿಗೂ ಸಂಬಂಧವೇ ಇಲ್ಲದ ಹಾಗೆ.

ಯುವಕ ಬಹಳ ಲೆಕ್ಕ ಹಾಕಿ ಒಂದು ಸಣ್ಣ ಒಲೆ ತೋರಿಸಿದ. ಇದರ ಬೆನ್ನಿಗೆ ಇನ್ನೊಂದು ತಗಡಿನ ಕವಚ ಹಾಕಿಸಿಕೊಳ್ಳಿ, ಬಿಸಿ ಹಿಂದಕ್ಕೆ ಹೋಗಿ ಗೋಡೆ ಸೇರದೆ ಮುಂದೆ ನಿಮ್ಮ ಕಡೆಗೆ ಬರುತ್ತದೆ ಎಂದ. ನಾನು ನಕ್ಕೆ. "ತಮ್ಮಾ, ಚಳಿ ಆಗೋದು ಮನುಷ್ಯರಿಗೆ. ಒಲೆಗೆ ಯಾರಾದರೂ ಸ್ವೆಟರ್ ಹಾಕ್ತಾರಾ?"

ಕವಚ ಬೇಡವೆಂದೆ. ಅದನ್ನೂ ಬರೆದುಕೊಂಡು, ಕೆಳಗೆ ನನ್ನ ಸಹಿ ಹಾಕಿಸಿಕೊಂಡ.

ಆಗ್ನೇಯ

ಒಲೆ ಕೂರಿಸುವವನು ಬಂದು ಹಾಲ್ ನೋಡಿದ. ವಾಯುವ್ಯ ಮೂಲೆಯಲ್ಲಿ ಹಳೇ ಚಿಮಣಿ ಇತ್ತು. "ಇಲ್ಲೇ ಇಡೋಣ, ಅರ್ಧ ದಿನದ ಕೆಲಸ" ಎಂದ.

ಅಗ್ನಿಯನ್ನು ವಾಯುವ್ಯದಲ್ಲಿ ಇಡುವುದೇ? ಮೈಸೂರಿಗೆ ತಿಳಿದರೆ ಅತ್ತೆ ವಿಮಾನವನ್ನೇ ಹತ್ತುವುದಿಲ್ಲ. ಬೆಂಕಿಗೆ ಆಗ್ನೇಯವೇ ಆಗಬೇಕು ಎಂದು ವಿವರಿಸಿದೆ. ಅವನು ಆಗ್ನೇಯಕ್ಕೆ ಹೋಗಿ ಗೋಡೆಗೆ ಕಿವಿಯಿಟ್ಟು ಬೆರಳಿನಿಂದ ಕುಟ್ಟಿದ. "ಇದು ನಿಮಗೂ ಪಕ್ಕದ ಮನೆಗೂ ಸೇರಿದ ಗೋಡೆ. ಹಳೇ ಕಾಲದ್ದು, ಒಂದೇ ಇಟ್ಟಿಗೆ ದಪ್ಪ. ಹೊಸದಾಗಿ ಛಾವಣಿತನಕ ಪೈಪ್ ಎಳೀಬೇಕು. ಪಕ್ಕದಲ್ಲೇ ಮೆಟ್ಟಿಲು ಬೇರೆ. ನೀವು ಖಂಡಿತ ಇಲ್ಲೇ ಅಂತೀರಾ?"

"ಇಲ್ಲೇ."

ಅವನು ಭುಜ ಕುಣಿಸಿ, "ನಿಮ್ಮ ಪಕ್ಕದ ಮನೆಯವರು ನಿಮ್ಮನ್ನು ತುಂಬ ಇಷ್ಟಪಡ್ತಾರೆ" ಎಂದ. ಎಷ್ಟು ಬೇಗ ಜನರನ್ನು ಅರ್ಥ ಮಾಡಿಕೊಳ್ಳುತ್ತಾನೆ ನೋಡಿ, ಎಂದುಕೊಂಡೆ.

ಮರುದಿನ ಅವನು ಸಾಮಾನು ಹೊತ್ತು ಬರುವ ಮೊದಲೇ ಹೆಂಡತಿ ಆ ಗೋಡೆಗೆ ಅರಿಶಿನ ಬಳಿದು ನಡುವೆ ಕುಂಕುಮ ಇಟ್ಟು ಕೈಮುಗಿದಿದ್ದಳು. ಅವನು ಬಂದು ನೋಡಿ ಬಹಳ ಸಂತೋಷಪಟ್ಟ. ಹದಿನೆಂಟು ವರ್ಷದ ಕೆಲಸದಲ್ಲಿ ಯಾವ ಗಿರಾಕಿಯೂ ಎಲ್ಲಿ ಕೊರೆಯಬೇಕೆಂದು ಇಷ್ಟು ಅಚ್ಚುಕಟ್ಟಾಗಿ ಗುರುತು ಹಾಕಿಕೊಟ್ಟಿರಲಿಲ್ಲವಂತೆ. ಕುಂಕುಮದ ನಟ್ಟನಡುವೆ ಡ್ರಿಲ್ ಇಟ್ಟ.

ಜೀವಂತ ಸೌದೆ

ಸೌದೆಯನ್ನು ಅಂಗಡಿಯಲ್ಲಿ ಕೊಳ್ಳುವುದು ದಡ್ಡರ ಕೆಲಸ. ಕಾಲುವೆ ಬದಿಯ ಮರ ಕಡಿಯುತ್ತಿದ್ದವರ ಹತ್ತಿರ ಮಾತಾಡಿ, ಒಂದು ಗಾಡಿ ತುಂಡು ತರಿಸಿ ಹಿತ್ತಲಿನಲ್ಲಿ ಒಟ್ಟಿದೆ. ಆಗ ಪಕ್ಕದ ಮನೆಯ ಅಜ್ಜಿ ಬೇಲಿಯ ಮೇಲಿಂದ ಇಣುಕಿದರು. ರಿಟೈರ್ಡ್ ಸ್ಕೂಲ್ ಟೀಚರು. ಅವರ ಜೇಬಿನಲ್ಲಿ ಏನಿರುತ್ತದೆ, ಏನಿರುವುದಿಲ್ಲ ಹೇಳಲಾಗದು. ಅವತ್ತು ಸೌದೆಯ ಹಸಿ ಅಳೆಯುವ ಮೀಟರ್ ಇತ್ತು. ನನ್ನ ತುಂಡಿಗೆ ಅದರ ಎರಡು ಮೊಳೆ ಚುಚ್ಚಿ, ಮೀಟರ್ ನೋಡಿ, ನನ್ನ ಮುಖ ನೋಡಿ, "ಇದನ್ನು ಎರಡು ವರ್ಷ ಒಣಗಿಸಬೇಕು" ಎಂದರು.

"ಅಜ್ಜಿ, ನಾನು ಹಸಿ ತೆಂಗಿನಗರಿ ಉರಿಸಿದವನು" ಎಂದೆ.

ಎರಡು ವಾರದ ಮೇಲೆ ಮಗಳು ಹಿತ್ತಲಿನಿಂದ ಕೂಗಿದಳು. "ಅಪ್ಪಾ, ಯು ಹ್ಯಾವ್ ಟು ಸೀ ದಿಸ್!" ಹೋಗಿ ನೋಡಿದರೆ ಒಟ್ಟಿದ ಸೌದೆಯ ತುಂಬ ಹಸಿರು ಚಿಗುರು. ಒಂದು ತುಂಡಿನ ಮೇಲೆ ಹಕ್ಕಿಯೊಂದು ಜಾಗ ಗಟ್ಟಿಮಾಡಿಕೊಳ್ಳುತ್ತಿತ್ತು.

ಬೇಲಿಯ ಆಚೆಯಿಂದ ಅಜ್ಜಿ ಹೇಳಿದರು: "ತೋಟ ಚೆನ್ನಾಗಿ ಬಂದಿದೆ. ಅಭಿನಂದನೆ."

ಸದ್ದಿಲ್ಲದೆ ಅಂಗಡಿಗೆ ಹೋಗಿ ಒಣ ಸೌದೆ ತಂದೆ.

ಎರಡು ಪಂಚಾಂಗ

ನವೆಂಬರಿನಲ್ಲಿ ಒಳ್ಳೆಯ ಹೊತ್ತು ನೋಡಿ ಒಲೆ ಹಚ್ಚಿದೆ. ಹತ್ತು ನಿಮಿಷದಲ್ಲಿ ಬಾಗಿಲ ಗಂಟೆ. ಅಜ್ಜಿ, ಕೈಯಲ್ಲಿ ಫೋನು.

"ಇವತ್ತು ಹಚ್ಚಬಾರದು. ಗಾಳಿ ಇಲ್ಲ, ಹೊಗೆ ಕೆಳಗೇ ನಿಲ್ಲುತ್ತದೆ. ಈ ವೆಬ್‌ಸೈಟ್ ನೋಡಿ, ಕೆಂಪು ತೋರಿಸುತ್ತಿದೆ. ಹಳದಿಯಲ್ಲೂ ಹಚ್ಚದಿದ್ದರೆ ಒಳ್ಳೆಯದು. ಹಸಿರಿದ್ದಾಗ ಮಾತ್ರ."

ನನಗೆ ತವರಿಗೆ ಬಂದಷ್ಟು ಸಂತೋಷವಾಯಿತು. "ನಮ್ಮಲ್ಲೂ ಇದೆ ಅಜ್ಜಿ! ರಾಹುಕಾಲ ಅಂತೀವಿ" ಎಂದೆ. ಅಂದಿನಿಂದ ಎರಡನ್ನೂ ನೋಡತೊಡಗಿದೆ: ಅವರ ವೆಬ್‌ಸೈಟು, ನಮ್ಮ ಪಂಚಾಂಗ. ಪಂಚಾಂಗದ ಪ್ರಕಾರ ಒಳ್ಳೆ ಹೊತ್ತಾದರೆ ಅವರದು ಕೆಂಪು. ಅವರದು ಹಸಿರಾದರೆ ಇಲ್ಲಿ ಯಮಗಂಡ. ಎರಡೂ ಕೂಡಿಬರುತ್ತಿದ್ದುದು ವಾರಕ್ಕೊಂದೇ ಸಲ, ಮಂಗಳವಾರ ಮಧ್ಯಾಹ್ನ. ಆಗ ನಾನು ಹೂಫ್‌ಡಾರ್ಪಿನ ಆಫೀಸಿನಲ್ಲಿ ಮೀಟಿಂಗ್‌ನಲ್ಲಿರುತ್ತಿದ್ದೆ.

ಕೊನೆಗೆ ನಮ್ಮ ಪಂಚಾಂಗವನ್ನು ಕೈಬಿಟ್ಟೆ. ರಾಹು ಬಂದು ಬೆಲ್ ಮಾಡುವುದಿಲ್ಲವಲ್ಲ.

ವಿಚಿತ್ರವೆಂದರೆ, ಮೂರನೇ ವಾರದ ಹೊತ್ತಿಗೆ ಅಜ್ಜಿಯ ತಕರಾರು ನಿಂತೇಹೋಯಿತು. ಬದಲಿಗೆ ಬೆಳಿಗ್ಗೆ ಬೇಲಿಯ ಹತ್ತಿರ ಕಾದು ನಿಂತು, "ಇವತ್ತು ಎಷ್ಟು ಗಂಟೆಗೆ ಹಚ್ಚುತ್ತೀರಿ?" ಎಂದು ಕೇಳತೊಡಗಿದರು. ಒಂದು ದಿನ ಹಳದಿ ಇದೆ, ಹಚ್ಚುವುದಿಲ್ಲ ಎಂದೆ.

"ಆ ವೆಬ್‌ಸೈಟನ್ನು ಅಷ್ಟೊಂದು ನಂಬಬೇಡಿ" ಎಂದರು ಅಜ್ಜಿ.

ನನ್ನ ಕೈಗುಣಕ್ಕೆ ಡಚ್ ಟೀಚರೇ ತಲೆಬಾಗಿದ್ದಾರೆ ಎಂದು ಊರಿಗೆಲ್ಲ ಫೋನ್ ಮಾಡಿದೆ.

ಏಳನೇ ದಿನ

ಡಿಸೆಂಬರಿನಲ್ಲಿ ಅತ್ತೆ ಬಂದರು. ಒಲೆಯೆದುರು ಕುರ್ಚಿ ಹಾಕಿ ಕೂರಿಸಿದೆ. ಗಾಜಿನ ಹಿಂದೆ ಬೆಂಕಿ ಕುಣಿಯುತ್ತಿತ್ತು. ಅತ್ತೆ ಮಂಕಿ ಕ್ಯಾಪ್ ತೆಗೆಯಲಿಲ್ಲ.

"ನೋಡೋದಕ್ಕೆ ಲಕ್ಷಣವಾಗಿದೆ. ಹಚ್ಚೋದು ಯಾವಾಗ?" ಎಂದರು.

ಸೌದೆ ತುಂಬಿದೆ, ಇನ್ನೂ ತುಂಬಿದೆ. ಅರ್ಧ ಬಿಸಿಯನ್ನು ಗೋಡೆ ಕುಡಿಯುತ್ತಿತ್ತು. ಉಳಿದರ್ಧ ಮೆಟ್ಟಿಲು ಹತ್ತಿ ಅಟ್ಟಕ್ಕೆ ಹೋಗಿ, ಅಲ್ಲಿ ಹರವಿದ ಬಟ್ಟೆಯನ್ನು ಹಪ್ಪಳದ ಹಾಗೆ ಒಣಗಿಸುತ್ತಿತ್ತು. ನಡುವೆ ಕೂತ ಅತ್ತೆಗೆ ಮಾತ್ರ ಏನೂ ಇಲ್ಲ. ಹೆಂಡತಿ ನನ್ನ ಕಡೆ ನೋಡುವುದನ್ನೇ ಬಿಟ್ಟಳು. ಇದು ಬೈಯುವುದಕ್ಕಿಂತ ಕೆಟ್ಟದ್ದು.

ನಾಲ್ಕನೇ ದಿನ ಪಕ್ಕದ ಮನೆಯ ಅಜ್ಜಿ ಅತ್ತೆಯನ್ನು ಕಾಫಿಗೆ ಕರೆದರು. ಹತ್ತಕ್ಕೆ ಹೋದವರು ಐದಕ್ಕೆ ಬಂದರು. ಮರುದಿನವೂ ಹಾಗೆಯೇ. ಇವರಿಗೆ ಡಚ್ ಬಾರದು, ಅವರಿಗೆ ಕನ್ನಡ ಬಾರದು. ಕಿಟಕಿಯಿಂದ ನೋಡಿದರೆ ಇಬ್ಬರೂ ಸರದಿಯ ಮೇಲೆ ತಂತಮ್ಮ ಮೊಣಕಾಲು ತೋರಿಸಿಕೊಂಡು ಗಂಟೆಗಟ್ಟಲೆ ಮಾತಾಡುತ್ತಿದ್ದರು.

ಏಳನೇ ದಿನ ಷಡ್ಡಕ ಕಾರು ತಂದು ಬಾಗಿಲಲ್ಲಿ ನಿಲ್ಲಿಸಿದ. ಒಳಗೆ ಬಂದವನು ಜಾಕೆಟ್ ಬಿಚ್ಚಲಿಲ್ಲ. "ಏನು ಭಾವ, ಅತ್ತೆ ಬ್ಯಾಗ್ ರೆಡಿನಾ?" ಎಂದ, ನಗುವನ್ನು ಮಫ್ಲರ್ ಒಳಗೆ ಮುಚ್ಚಿಟ್ಟುಕೊಂಡು. ನಾನು ಒಲೆಗೆ ಕೊನೆಯ ತುಂಡು ಹಾಕಿ ದೇವರ ಮೇಲೆ ಭಾರ ಹಾಕಿದೆ.

ಬಾಗಿಲು ತೆರೆಯಿತು. ಪಕ್ಕದ ಮನೆಯಿಂದ ಅತ್ತೆ ಬಂದರು. ತಲೆ ಮೇಲೆ ಕ್ಯಾಪ್ ಇಲ್ಲ. ಎರಡೂ ಸ್ವೆಟರ್ ತೋಳಿನ ಮೇಲೆ. ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ ಷಡ್ಡಕನಿಗೆ ಹೇಳಿದರು: "ನೀವು ಹೊರಡಿ. ನಾನು ಎಲ್ಲಿಗೂ ಬರಲ್ಲ. ಚಳಿಗಾಲ ಪೂರ್ತಿ ಇಲ್ಲೇ."

ನಾನು ಎದ್ದು ನಿಂತೆ. ಒಂದು ಕೈ ಸೊಂಟದ ಮೇಲೆ, ಇನ್ನೊಂದು ಒಲೆಯ ಮೇಲೆ. ಕೈ ಸುಟ್ಟಿತು, ತೋರಿಸಿಕೊಳ್ಳಲಿಲ್ಲ. ಷಡ್ಡಕನ ಮುಖ ನೋಡುವುದಕ್ಕಾಗಿಯೇ ಹುಟ್ಟಿದ್ದೆನೇನೋ ಅನ್ನಿಸಿತು.

ಅತ್ತೆ ನನ್ನ ಕಡೆ ತಿರುಗಿ, ಧ್ವನಿ ತಗ್ಗಿಸಿ, ಮಗುವಿಗೆ ಬುದ್ಧಿ ಹೇಳುವ ಹಾಗೆ ಹೇಳಿದರು: "ಅಳಿಯಂದಿರೇ, ಈ ಡಬ್ಬ ತೆಗೆದು ಯಾರಿಗಾದರೂ ಕೊಟ್ಟುಬಿಡಿ. ಆ ಅಜ್ಜಿ ಮನೇಲಿ ಒಲೆಯೂ ಇಲ್ಲ, ಹೀಟರೂ ಹಾಕಲ್ಲ, ಆದರೂ ಗೋಡೆಗೆ ಒರಗಿ ಕೂತರೆ ಬೆನ್ನಿಗೆ ಬಿಸಿನೀರು ಹುಯ್ದ ಹಾಗಿರುತ್ತೆ. ಅಂಥ ಗೋಡೆ ಎಲ್ಲಿ ಸಿಗುತ್ತೆ ಅಂತ ಕೇಳಿಕೊಂಡು ಬಂದು ನೀವೂ ಒಂದು ಕಟ್ಟಿಸಿ."