ಮಿರ್ಚಿ ಕಟ್ಟಿದ ಕಾಗದ

ಸಿಹಿ ಬಿಟ್ಟ ಮನುಷ್ಯನಷ್ಟು ಜಂಬದವನು ಇನ್ನೊಬ್ಬನಿಲ್ಲ. ಎಂಬತ್ತರ ದಶಕದಲ್ಲಿ ಜಗಳೂರಿನ ಶಾಲೆಯೊಂದರಲ್ಲಿ ಮೇಷ್ಟ್ರಾಗಿದ್ದ ನನಗೆ ಸಕ್ಕರೆ ಕಾಯಿಲೆ ಬಂತು. ಹೋಳಿಗೆ ಬಿಟ್ಟೆ, ಯುಗಾದಿಗೆ ಬೆಲ್ಲ ಬಿಟ್ಟು ಬರೀ ಬೇವು ತಿಂದೆ. ನಮ್ಮ ಕಡೆಯ ಲೆಕ್ಕ ಬಹಳ ಸರಳ: ಸಿಹಿಯಲ್ಲದ್ದೆಲ್ಲ ಪಥ್ಯ. ಹೋಳಿಗೆ ತಪ್ಪಿದ ದುಃಖಕ್ಕೆ ಹೆಂಡತಿ ರೊಟ್ಟಿಯ ಮೇಲೆ ಬೆಣ್ಣೆ ಹೆಚ್ಚಿಸಿದಳು. ಮದುವೆಮನೆಗಳಲ್ಲಿ, ಪಾಪ, ಮೇಷ್ಟ್ರು ಸಿಹಿ ಮುಟ್ಟುವಂತಿಲ್ಲ ಎಂದು ಎರಡು ಬೋಂಡ ಜಾಸ್ತಿ ಬಡಿಸುತ್ತಿದ್ದರು. ಸಂಜೆ ಬಸ್ ಸ್ಟ್ಯಾಂಡಿನ ಬಸಣ್ಣನ ಅಂಗಡಿಯಲ್ಲಿ ಶೇಂಗಾ ಎಣ್ಣೆಯಲ್ಲಿ ಕರಿದ ನಾಲ್ಕು ಮಿರ್ಚಿ ಬಜ್ಜಿ ಅಂತೂ ಇದ್ದೇ ಇತ್ತು.

ತಿಂದಾದ ಮೇಲೆ ಮಿರ್ಚಿ ಕಟ್ಟಿದ ಪತ್ರಿಕೆಯ ಚೂರನ್ನು ಓದುವುದು ನನ್ನ ಚಟ. ಬರಬರುತ್ತ ಸಾಲಿನ ನಡುವಿನ ಅಕ್ಷರಗಳು ಕಲಸಿಹೋದಂತೆ ಕಾಣತೊಡಗಿದವು. ಕಾಗದಕ್ಕೆ ಎಣ್ಣೆ ಹತ್ತಿದೆ ಎಂದುಕೊಂಡು, ಸರಿಯಾಗಿ ಬಸಿದು ಕೊಡು ಎಂದು ಬಸಣ್ಣನನ್ನೇ ಗದರಿದೆ. ಕೊನೆಗೊಮ್ಮೆ, ಮುತ್ತಿನಂತೆ ಬರೆಯುವ ಹುಡುಗಿಯೊಬ್ಬಳಿಗೆ ‘ಅಕ್ಷರ ಮಸುಕು’ ಎಂದು ಎರಡು ಅಂಕ ಕಳೆದಾಗ ಹೆಡ್‌ಮಾಸ್ಟರು ನನ್ನನ್ನು ದಾವಣಗೆರೆಯ ಕಣ್ಣಿನ ಡಾಕ್ಟರ ಬಳಿಗೆ ಅಟ್ಟಿದರು. ಹೆಂಡತಿಯೂ ಜೊತೆಗೆ ಹೊರಟಳು.

ಡಾಕ್ಟರು ಕಣ್ಣಿಗೆ ಹನಿ ಹಾಕಿ, ದೀಪ ಬಿಟ್ಟು ನೋಡಿ, ರಕ್ತವನ್ನೂ ಪರೀಕ್ಷೆ ಮಾಡಿಸಿದರು. ಸಕ್ಕರೆಯಿಂದ ಕಣ್ಣೊಳಗಿನ ಸಣ್ಣ ರಕ್ತನಾಳಗಳು ಕೆಟ್ಟು ಸೋರುತ್ತಿವೆಯಂತೆ. ರಕ್ತದಲ್ಲಿ ಕೊಬ್ಬು ವಿಪರೀತವಾದ್ದರಿಂದ ಅದೂ ಸೋರಿ, ಕಣ್ಣಿನ ಹಿಂದಿನ ಪರದೆಯ ಮೇಲೆ ಹಳದಿ ಚುಕ್ಕೆಯಾಗಿ ಕೂತಿದೆಯಂತೆ. ನನಗೆ ತಲೆಬುಡ ತಿಳಿಯಲಿಲ್ಲ. ಕಾಯಿಲೆ ಸಕ್ಕರೆಯದು, ಬೈಗುಳ ಬೆಣ್ಣೆಗೆ, ಏಟು ಕಣ್ಣಿಗೆ.

“ಸಿಹಿ ಬಿಟ್ಟೀನಲ್ರೀ ಡಾಕ್ಟ್ರೇ,” ಎಂದೆ.

“ಕೊಬ್ಬು ಬಿಟ್ಟಿಲ್ವಲ್ಲ ಮೇಷ್ಟ್ರೇ. ಎರಡೂ ಇಳೀಬೇಕು. ಹೋಗಿರೋ ದೃಷ್ಟಿ ಪೂರ್ತಿ ಬರ್ತೈತೆ ಅಂತ ಹೇಳಾಕಾಗಲ್ಲ. ಇರೋದನ್ನ ಉಳಿಸ್ಕೊಳ್ರಿ.”

ನಿಜ ಹೇಳುತ್ತೇನೆ, ಹೆದರಿಹೋದೆ. ಅಕ್ಷರ ಬಿಟ್ಟರೆ ನನಗೆ ಬೇರೆ ಕಸುಬು ಗೊತ್ತಿಲ್ಲ.

ವಾಪಸು ಬರುವಾಗ ಬಸ್ಸು ಬಿಳಿಚೋಡು ದಾಟುವ ತನಕ ಹೆಂಡತಿಗೆ ಇದನ್ನೇ ಬಿಡಿಸಿ ಹೇಳಿದೆ. ಅವಳು ಬಹಳ ಯೋಚಿಸಿ, “ಹಂಗಾರೆ ಬೆಣ್ಣೆ ಬಿಟ್ಟು ಹೋಳಿಗೆ ತಿನ್ನಬೋದೇನ್ರೀ?” ಎಂದಳು. ನಾನೂ ಒಂದು ಕ್ಷಣ ಹೌದೇನೋ ಎಂದುಕೊಂಡೆ.

ಮಾರನೆಯ ದಿನ ಬೆಳಿಗ್ಗೆ ಮಿರ್ಚಿಗೆ ದೂರದಿಂದಲೇ ಕೈಮುಗಿದು, ಹೊಸ ಪತ್ರಿಕೆ ಕೊಂಡು, ಕೈ ತೊಳೆದು ಓದಲು ಕೂತೆ. ನಟ್ಟನಡುವೆ ಅದೇ ಎಣ್ಣೆಕಲೆ. ಹೆಬ್ಬೆರಳಿನಿಂದ ಒರೆಸಿದೆ. ಬೆರಳು ಕಪ್ಪಾಯಿತು, ಕಲೆ ಹೋಗಲಿಲ್ಲ. ಪಕ್ಕದ ಸಾಲು ನೋಡಿದರೆ ಅಲ್ಲಿಗೂ ಬಂತು. ಸುಮ್ಮನೆ ಎದ್ದು ಶಾಲೆಗೆ ಹೋಗಿ, ಆ ಹುಡುಗಿಯ ಎರಡು ಅಂಕ ವಾಪಸು ಕೊಟ್ಟೆ. ಯಾರ ಹೆಸರಿನ ಮುಂದೆ ಬರೆದೆನೋ, ಸರಿಯಾಗಿ ಕಾಣಲಿಲ್ಲ.