ಮೈಕಮ್ಮನ ಮೌನ

ಕಂಬಳಿಯ ತುದಿಗಳನ್ನು ಎರಡೂ ಕೈಯಲ್ಲಿ ಹಿಡಿದು, ನಡುವನ್ನು ಗದ್ದದಡಿ ಒತ್ತಿಕೊಂಡು, ಮಡಿಸಿ, ಮತ್ತೆ ಮಡಿಸಿ, ಸದ್ದಾಗದಂತೆ ಗೋಡೆಯ ಪಕ್ಕದ ರಾಶಿಯ ಮೇಲಿಟ್ಟಳು. ಇದು ಹದಿನೇಳನೆಯದು. ಇನ್ನೂ ನಲವತ್ತಿದ್ದವು. ಉಗ್ರಾಣದಲ್ಲಿ ಅವಳೊಬ್ಬಳೇ. ಕಂಬಳಿಗಳಿಗೆ ಅವಳು ಏನೂ ಹೇಳಬೇಕಾಗಿರಲಿಲ್ಲ, ಅವು ಏನೂ ಕೇಳುತ್ತಲೂ ಇರಲಿಲ್ಲ. ಇಷ್ಟು ಸುಖವನ್ನು ಅವಳು ಕಂಡು ಎಷ್ಟೋ ಕಾಲವಾಗಿತ್ತು.

ಬಸ್ ನಿಲ್ದಾಣದಲ್ಲಿ ಅವಳನ್ನು ಎಲ್ಲರೂ ಮೈಕಮ್ಮ ಎಂದೇ ಕರೆಯುತ್ತಿದ್ದರು. ಹನ್ನೆರಡು ವರ್ಷದಿಂದ ಹಕ್ಕಿಗೂಡಿನಂಥ ಕೋಣೆಯಲ್ಲಿ ಕೂತು ಯಾವ ಗಾಡಿ ಎಲ್ಲಿ ನಿಂತಿದೆ, ಯಾವಾಗ ಹೊರಡುತ್ತದೆ ಎಂದು ಮೈಕಿನಲ್ಲಿ ಹೇಳುವುದು ಅವಳ ಕೆಲಸ. ಊರಿನಲ್ಲಿ ಅವಳ ಮುಖ ಯಾರಿಗೂ ಗೊತ್ತಿಲ್ಲ, ಧ್ವನಿ ಗೊತ್ತಿಲ್ಲದವರಿಲ್ಲ. ಹೋದ ತಿಂಗಳು ಆ ಧ್ವನಿ ಹಳೆಯ ಬಾಗಿಲಿನಂತೆ ಕಿರುಗುಟ್ಟತೊಡಗಿತು.

"ಹತ್ತು ದಿನ ಒಂದಕ್ಷರ ಆಡಕೂಡದು. ಪಿಸುಮಾತೂ ಬೇಡ," ಎಂದರು ಡಾಕ್ಟರು. "ಆಡಿದ್ರೋ, ಮೈಕನ್ನ ಮರೆತುಬಿಡಿ."

ಮನೆಯಲ್ಲಿ ಹತ್ತು ನಿಮಿಷವೂ ನಡೆಯಲಿಲ್ಲ. ನಾದಿನಿ, "ಅತ್ತಿಗೇ, ನನ್ನ ಬಾಚಣಿಗೆ ಎಲ್ಲಿ?" ಎಂದಳು. ಗಂಡ, "ಲೇ, ಗ್ಯಾಸ್ ಆಫ್ ಮಾಡಿದ್ಯಾ?" ಎಂದ. ಅವಳು ಬರೀ ತಲೆಯಾಡಿಸಿದ್ದಕ್ಕೆ ಅತ್ತೆ, "ನಾನೇನಂದೆ ಅಂತ ಈ ಮುನಿಸು ನಿಂಗೆ?" ಎಂದು ಕಣ್ಣೊರೆಸಿಕೊಂಡರು. ಹಾಗಾಗಿ ಅವಳು ಹತ್ತು ದಿನದ ಮೌನ ಧ್ಯಾನ ಶಿಬಿರಕ್ಕೆ ಹೆಸರು ಕೊಟ್ಟಳು. ನಿಲ್ದಾಣದ ಕಂಟ್ರೋಲರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. "ಮೈಕಮ್ಮ ಸುಮ್ಮನಿರೋದಾ! ಮಾರನೇ ದಿನದ ಗಾಡಿಗೇ ವಾಪಸ್. ಬೇಕಾದ್ರೆ ಪ್ಲಾಟ್‌ಫಾರಂ ನಂಬರ್ ಈಗ್ಲೇ ಹೇಳ್ತೀನಿ."

ಶಿಬಿರದ ನಿಯಮಗಳು ಕಟ್ಟುನಿಟ್ಟು. ಮಾತಿಲ್ಲ, ಸನ್ನೆಯಿಲ್ಲ, ಒಬ್ಬರ ಮುಖ ಒಬ್ಬರು ನೋಡುವಂತಿಲ್ಲ. ಫೋನು, ಪೆನ್ನು, ಕಾಗದ ಎಲ್ಲ ಕೌಂಟರಿಗೆ. ಬಾಯಿ ಬಿಟ್ಟವರು ಅಂದೇ ಮನೆಗೆ. ಮೈಕಮ್ಮ ಚೀಟಿಯಲ್ಲೇ ಹೆಸರು ಬರೆದು ಕೊಟ್ಟು ಒಳಗೆ ಬಂದಿದ್ದಳು. ಇಲ್ಲಿ ಯಾರೂ ಅವಳು ಬಾಯಿ ಬಿಟ್ಟದ್ದನ್ನು ಕಂಡಿರಲಿಲ್ಲ, ಅವಳೇ ಮೈಕಮ್ಮ ಎಂದು ಯಾರಿಗೂ ಗೊತ್ತಿರಲಿಲ್ಲ.

ನಿನ್ನೆ ಸಂಜೆ ಮೌನದ ಗಂಟೆ ಹೊಡೆಯುವ ಮುಂಚೆ ಅವಳ ಎಡಬಲದ ಹಾಸಿಗೆಯವರು ಮಾತಿಗಿಳಿದಿದ್ದರು. ಎಡಕ್ಕೆ ಬೂದು ಕಾಲುಚೀಲ ತೊಟ್ಟ ನಿವೃತ್ತ ಹೆಡ್‌ಮೇಡಂ, ಬಲಕ್ಕೆ ಟೀ ಅಂಗಡಿಯಾಕೆ.

"ನೀವ್ಯಾಕಮ್ಮ ಬಂದಿದ್ದು?" ಎಂದರು ಹೆಡ್‌ಮೇಡಂ.

"ನನ್ನ ಅಂಗಡಿ ಬಸ್‌ಸ್ಟ್ಯಾಂಡಲ್ಲಿ ಮೇಡಂ, ಸರಿಯಾಗಿ ಸ್ಪೀಕರ್ ಕೆಳಗೆ. ಆ ಹೆಂಗಸಿನ ಧ್ವನಿ ಇದೆಯಲ್ಲಾ, 'ಪ್ರಯಾಣಿಕರ ಗಮನಕ್ಕೆ' ಅಂತ... ಮಲಗಿದ್ರೂ ಅದೇ, ಎದ್ರೂ ಅದೇ. ಪಾಪ, ಅವಳ ತಪ್ಪೇನಿಲ್ಲ. ಆದ್ರೂ ಅವಳು ನನ್ನ ತಲೆಯಿಂದ ಇಳಿದ್ರೆ ಸಾಕು."

"ಸಾಕು ಸುಮ್ನಿರಮ್ಮ ಅಂತ ಯಾರೂ ಅವಳಿಗೆ ಹೇಳ್ಲಿಲ್ವಾ?"

ನಡುವಿನ ಹಾಸಿಗೆಯಲ್ಲಿ ಮೈಕಮ್ಮ ಗೋಡೆ ನೋಡುತ್ತ ಒಂದೇ ಟವೆಲನ್ನು ಮೂರು ಸಲ ಮಡಿಸಿದಳು. ತನ್ನ ಧ್ವನಿಯಿಂದ ಜನಕ್ಕೆ ದಾರಿ ಸಿಗುತ್ತದೆ ಎಂದಷ್ಟೇ ಅವಳು ಹನ್ನೆರಡು ವರ್ಷ ಅಂದುಕೊಂಡಿದ್ದಳು.

ಇವತ್ತು ಬೆಳಿಗ್ಗೆ ಗುರುಗಳ ಪ್ರವಚನ. ಗುರುಗಳು ಬಂದಿರಲಿಲ್ಲ, ಅವರ ರೆಕಾರ್ಡಿಂಗ್ ಹಾಕಿದರು. "ಮೌನಕ್ಕೆ ಕೂತ ಮನಸ್ಸು ಪರಿಚಿತ ಧ್ವನಿಗಳನ್ನು ಕೇಳಿಸುತ್ತದೆ. ಅವು ಕರೆಯುತ್ತವೆ, ಬೇಡುತ್ತವೆ. ಏಳಬೇಡಿ. ಉತ್ತರಿಸಬೇಡಿ. ಬಂದದ್ದು ಹೋಗುತ್ತದೆ." ಆಮೇಲೆ ಎಲ್ಲರಿಗೂ ಒಂದೊಂದು ಕೆಲಸ ಹಂಚಿದ್ದರು. ಮೈಕಮ್ಮನ ಪಾಲಿಗೆ ಬಂದದ್ದು ಈ ಕಂಬಳಿಗಳು.

ಹದಿನೆಂಟನೆಯದನ್ನು ಎತ್ತಿಕೊಳ್ಳುವಾಗ ಬಾಗಿಲಲ್ಲಿ ನೆರಳಾಡಿತು. ಹೆಡ್‌ಮೇಡಂ. ಮಾತು ನಿಂತ ಮೇಲೆ ಅವರ ಉಸ್ತುವಾರಿಯೆಲ್ಲ ಕೈಗೆ ಇಳಿದಿತ್ತು. ಬೆಳಿಗ್ಗೆಯಿಂದ ಕಂಡವರ ಟವೆಲು ನೇರ ಮಾಡಿದ್ದರು, ಓಡುವ ಫ್ಯಾನು ನಿಲ್ಲಿಸಿದ್ದರು. ಈಗ ತೆರೆದ ಬಾಗಿಲು ಕಂಡಿತು. ನಿಯಮದಂತೆ ಯಾರ ಮುಖವನ್ನೂ ನೋಡದೆ, ತಲೆ ತಗ್ಗಿಸಿಕೊಂಡೇ ಬಾಗಿಲೆಳೆದು, ಹೊರಗಿನ ಚಿಲಕ ಜಡಿದು ಹೋದರು.

'ಮೇಡಂ' ಎಂಬ ಒಂದು ಮಾತು ಮೈಕಮ್ಮನ ನಾಲಿಗೆಯ ತುದಿಗೆ ಬಂದು, ಡಾಕ್ಟರನ್ನು ನೆನೆದು, ವಾಪಸ್ ಹೋಯಿತು.

ಮೆಲ್ಲಗೆ ಬಾಗಿಲು ತಟ್ಟಿದಳು. ಅದೇ ಹೊತ್ತಿಗೆ ಧ್ಯಾನದ ಗಂಟೆ ಹೊಡೆಯಿತು. ಎಲ್ಲರೂ ಪಕ್ಕದ ಹಾಲಿಗೆ ಹೋದ ಸದ್ದು, ಆಮೇಲೆ ಅದೂ ಇಲ್ಲ. ಬಾಗಿಲ ಕೆಳಗಿನ ಸಂದಿಯಿಂದ ಒಂದು ಕಂಬಳಿಯ ತುದಿಯನ್ನು ಬಾವುಟದಂತೆ ಹೊರಗೆ ತಳ್ಳಿ, ಬಗ್ಗಿ ನೋಡುತ್ತ ಕಾದಳು. ಸ್ವಲ್ಪ ಹೊತ್ತಿಗೆ ಬೂದು ಕಾಲುಚೀಲದ ಎರಡು ಪಾದಗಳು ಬಂದು ನಿಂತವು. ಹೆಡ್‌ಮೇಡಂ! ಒಂದು ಪಾದ ಮುಂದೆ ಬಂದು ಕಂಬಳಿಯನ್ನು ಅಚ್ಚುಕಟ್ಟಾಗಿ ಒಳಕ್ಕೆ ತಳ್ಳಿ ಹೊರಟುಹೋಯಿತು.

ಗಂಟಲಿಗೆ ಒಳ್ಳೆಯದೆಂದು ಬೆಳಿಗ್ಗೆ ಕುಡಿದಿದ್ದ ಮೂರು ಲೋಟ ಬಿಸಿನೀರು ಈಗ ತನ್ನ ಹಕ್ಕು ಕೇಳತೊಡಗಿತು. ಮೈಕಮ್ಮ ಕಾಲು ಬಿಗಿಹಿಡಿದು ಅತ್ತಿಂದಿತ್ತ ನಡೆದಳು. ಮಾತಾಡಿದರೆ ಧ್ವನಿ ಹೋಗುತ್ತದೆ, ಧ್ವನಿ ಹೋದರೆ ಕೆಲಸ ಹೋಗುತ್ತದೆ. ಮಾತಾಡದಿದ್ದರೆ ಮಾನವೇ ಹೋಗುತ್ತದೆ. ಕಂಬಳಿ ರಾಶಿ ಹತ್ತಿ, ಹಾಲಿನ ಕಡೆಗಿದ್ದ ಗವಾಕ್ಷಿಗೆ ಬಾಯಿಟ್ಟಳು. ಏನು ಹೇಳಬೇಕೆಂದು ತೋಚಲಿಲ್ಲ. ಬಾಯಿಗೆ ಮಾತ್ರ ತನ್ನ ಕೆಲಸ ಗೊತ್ತಿತ್ತು.

"ಪ್ರಯಾಣಿಕರ ಗಮನಕ್ಕೆ! ಉಗ್ರಾಣದ ಬಾಗಿಲಿಗೆ ಹೊರಗಿನಿಂದ ಚಿಲಕ ಬಿದ್ದಿದೆ. ಒಳಗೆ ಒಬ್ಬರು ಕಾಯುತ್ತಿದ್ದಾರೆ."

ಅವಳಿಗೇ ಆಶ್ಚರ್ಯವಾಯಿತು. ಒಂದೇ ದಿನದ ವಿಶ್ರಾಂತಿಗೆ ಧ್ವನಿ ಹೊಸ ಸ್ಟೀಲು ಪಾತ್ರೆಯಂತೆ ಫಳಫಳ ಹೊಳೆಯುತ್ತಿತ್ತು. ಗೊಗ್ಗರಾಗಿದ್ದರೆ ಯಾರಾದರೂ ಬೆಚ್ಚಿ ಓಡಿ ಬರುತ್ತಿದ್ದರೋ ಏನೋ. ಇದು ಆ ಬಸ್ ನಿಲ್ದಾಣ ಹಾದು ಬಂದ ಎಲ್ಲರಿಗೂ ಗೊತ್ತಿದ್ದ ಧ್ವನಿ, ಗುರುಗಳು ಹೇಳಿದಂಥದೇ ಪರಿಚಿತ ಧ್ವನಿ. ಗವಾಕ್ಷಿಯಲ್ಲಿ ಇಣುಕಿದಳು. ಐವತ್ತಾರು ಜನ ಕಣ್ಣುಮುಚ್ಚಿಯೇ ಇದ್ದರು, ಆದರೆ ಎಲ್ಲರ ಹುಬ್ಬು ಗಂಟಿಕ್ಕಿತ್ತು. ನಿನಗೂ ಕೇಳಿಸಿತಾ ಎಂದು ಪಕ್ಕದವರನ್ನು ಕೇಳುವ ಹಾಗಿರಲಿಲ್ಲ. ಒಬ್ಬೊಬ್ಬರೂ ತಮ್ಮ ತಮ್ಮ ಚಂಚಲ ಮನಸ್ಸಿಗೆ ನಾಚಿ ಬೆನ್ನು ನೆಟ್ಟಗೆ ಮಾಡಿಕೊಂಡರು.

ಟೀ ಅಂಗಡಿಯಾಕೆ ಮಾತ್ರ ಕಿವಿ ಮುಚ್ಚಿಕೊಂಡು ಎದ್ದು ಹೊರಬಂದಳು. ಮೈಕಮ್ಮ ದಡಬಡ ಇಳಿದು ನೆಲಕ್ಕೆ ಬಗ್ಗಿದಳು. ಬಾಗಿಲಾಚೆ ನೀಲಿ ಚಪ್ಪಲಿಗಳು ಬಂದು ನಿಂತವು.

"ಅಕ್ಕಾ, ನಾನೇ," ಎಂದಳು ಸಂದಿಯಿಂದ. "ಬಸ್‌ಸ್ಟ್ಯಾಂಡ್ ಮೈಕಿನವಳು."

ಚಪ್ಪಲಿಗಳು ಒಂದು ಹೆಜ್ಜೆ ಹಿಂದೆ ಸರಿದವು. ಒಂದು ದೀರ್ಘ ಉಸಿರು ಒಳಗೆ ಹೋಯಿತು, ಹೊರಗೆ ಬಂತು.

"ಬಂದದ್ದು ಹೋಗುತ್ತದೆ," ಎಂದು ಟೀ ಅಂಗಡಿಯಾಕೆ ತನಗೆ ತಾನೇ ಪಿಸುಗುಟ್ಟಿದಳು. ಚಪ್ಪಲಿಗಳು ಬೆನ್ನು ತಿರುಗಿಸಿದವು.

ಮೈಕಮ್ಮ ಕಂಬಳಿಗಳಿಗೆ ಒರಗಿ ಕೂತಳು. ಹನ್ನೆರಡು ವರ್ಷ ಬೇರೆಯವರ ಗಾಡಿ ಕೂಗಿ ಕೂಗಿ ಹೇಳಿದ್ದಳು. ತನಗಾಗಿ ಯಾರನ್ನೂ ಏನನ್ನೂ ಕೇಳಿದ್ದು ನೆನಪಾಗಲಿಲ್ಲ. ಹೇಗೆ ಕೇಳಬೇಕೆಂದೂ ಸರಿಯಾಗಿ ಗೊತ್ತಿರಲಿಲ್ಲ. ಒಮ್ಮೆ ಗಂಟಲು ಸರಿಮಾಡಿಕೊಂಡು, ಮೈಕಿಲ್ಲದ ಪುಟ್ಟ ಧ್ವನಿಯಲ್ಲಿ ಕೇಳಿದಳು.

"ಯಾರಾದ್ರೂ ಸ್ವಲ್ಪ ಬಾಗಿಲು ತೆಗೀತೀರಾ?"